ಡೊಮೇನ್ ಹೆಸರಿನ ಆಯ್ಕೆಗೆ ನೆರವಾದ ಬಿ.ಎಚ್. ರಸ್ತೆಯ ಅಂಗಡಿ

ತಿಪಟೂರಿನ ಕೊಬ್ಬರಿ ತಂದು ಮರದ ಗಾಣದಲ್ಲಿ ಎಣ್ಣೆ ತೆಗೆದು ಮಾರುವ ನಮ್ಮ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸಲೆಂದು ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ಸಣ್ಣ ಅಂಗಡಿಯೊಂದಕ್ಕೆ ಹೋಗಿದ್ದೆ. ಪುಟಗಳ ವಿನ್ಯಾಸ ಅಚ್ಚುಕಟ್ಟಾಗಿದೆ, ಅದರ ಬಗ್ಗೆ ಹೆಚ್ಚೇನೂ ಹೇಳಬೇಕಿಲ್ಲ. ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಆರಿಸುವಲ್ಲಿ ಅವರು ತೋರಿದ ತಾಳ್ಮೆಯನ್ನು ಮಾತ್ರ ವಿವರವಾಗಿಯೇ ಬರೆಯಬೇಕು.

ಕಲ್ಪತರು ನಾಡಿನವರಾದ ನಾವು 'ಕಲ್ಪತರು' ಎಂಬುದಕ್ಕೆ ಊರಿನ ಹೆಸರನ್ನು ಜೋಡಿಸಿಕೊಂಡು ಹೋಗಿದ್ದೆವು. ಅಲ್ಲಿನ ತರುಣಿ ಬೇಡವೆನ್ನಲಿಲ್ಲ; ನನ್ನ ಫೋನಿನಿಂದಲೇ ಮೂವರು ಗಿರಾಕಿಗಳಿಗೆ ಕರೆ ಮಾಡಿಸಿ, ಹೆಸರನ್ನು ಒಮ್ಮೆ ಮಾತ್ರ ಹೇಳಿ, ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವಾಟ್ಸಾಪ್ ಮಾಡುವಂತೆ ಕೇಳಲು ಹೇಳಿದರು. ಬಂದ ಮೂರು ಉತ್ತರಗಳೂ ಮೂರು ಬಗೆಯಾಗಿದ್ದವು. 'ತ'ಕಾರಕ್ಕೆ ಒಬ್ಬರು ಬರೀ ಟಿ ಬರೆದಿದ್ದರೆ, ನಮ್ಮ ಕಡೆಯ ರೂಢಿಯಂತೆ ಇನ್ನಿಬ್ಬರು ಟಿ ಜೊತೆಗೆ ಎಚ್ ಸೇರಿಸಿದ್ದರು. ಅವರಲ್ಲೊಬ್ಬರು ಊರಿನ ಹೆಸರನ್ನು 2014ರಲ್ಲಿ ಬದಲಾಗುವ ಮೊದಲಿನ ಕಾಗುಣಿತದಲ್ಲೇ ಬರೆದಿದ್ದರು. ಕಿವಿಯಿಂದ ಕೇಳಿ ಟೈಪ್ ಮಾಡುವ ಗಿರಾಕಿ ಬೇರೆಯವರ ಪುಟಕ್ಕೆ ಹೋಗಿಬಿಡುತ್ತಾನೆ ಎಂಬುದು ಆಗ ಕಣ್ಣಿಗೆ ಕಟ್ಟಿದಂತಾಯಿತು. ಅದೇ ಮೂವರು 'ಕೊಬ್ಬರಿ'ಯನ್ನು ಒಂದೇ ತೆರನಾಗಿ ಬರೆದರು. ಹಾಗಾಗಿ ಅದಕ್ಕೆ ಚಿಕ್ಕ ಪದವೊಂದನ್ನು ಸೇರಿಸಿ, ನಡುವೆ ಅಡ್ಡಗೆರೆಯಾಗಲಿ ಅಂಕಿಯಾಗಲಿ ಇಲ್ಲದ ಹೆಸರನ್ನು ಒಪ್ಪಿದೆವು. ನಿಯಮದಲ್ಲಿ 63 ಅಕ್ಷರಗಳವರೆಗೆ ಅವಕಾಶವಿದ್ದರೂ ನಮ್ಮದು 11ರಲ್ಲಿ ಮುಗಿದಿದೆ. ಎಣ್ಣೆ ಬಾಟಲಿಯ ಲೇಬಲ್ಲಿನ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತದೆ.

ಗಿರಾಕಿಗಳು ಬಹುತೇಕ ನಮ್ಮ ರಾಜ್ಯದವರೇ ಆದ್ದರಿಂದ ವಿಳಾಸದ ಕೊನೆಗೆ ಭಾರತವನ್ನು ಸೂಚಿಸುವ ಡಾಟ್ ಇನ್ ಸಾಕೆಂದರು. ಡಾಟ್ ಕಾಮ್ ಕೂಡ ಸಿಗುತ್ತಿದ್ದುದರಿಂದ ಅದನ್ನೂ ಕೊಂಡು ಇದೇ ಸೈಟಿಗೆ ತಿರುಗಿಸಿದ್ದಾರೆ. ಹಿಂದೊಮ್ಮೆ ಬೇರೊಬ್ಬರು ನಮ್ಮ ವಿಳಾಸವನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡು, ಬಿಟ್ಟುಕೊಡದೆ ತಿಂಗಳುಗಟ್ಟಲೆ ಸತಾಯಿಸಿದ್ದರು. ಈ ಬಾರಿ ನೋಂದಣಿಯು ನನ್ನ ಹೆಸರು ಮತ್ತು ನನ್ನ ಇಮೇಲ್‌ನಲ್ಲೇ ಆಗಿರುವುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಕೊರತೆಗಳೂ ಇವೆ. ಡೊಮೇನ್ ಎಂಬುದು ಒಮ್ಮೆ ಕೊಂಡು ಮುಗಿಸುವ ಸ್ವತ್ತಲ್ಲ, ಅವಧಿ ತೀರಿದಾಗಲೆಲ್ಲ ಹಣ ಕಟ್ಟಿ ಉಳಿಸಿಕೊಳ್ಳಬೇಕಾದ ಹಕ್ಕು. ಹೀಗಿರುವಾಗ ಮೊದಲ ವರ್ಷದ ರಿಯಾಯಿತಿ ದರವನ್ನಷ್ಟೇ ರಸೀದಿಯಲ್ಲಿ ಬರೆದು, ನವೀಕರಣಕ್ಕೆ ಹೆಚ್ಚು ತಗಲುತ್ತದೆಂಬುದನ್ನು ನಾನು ಕೇಳಿದ ಮೇಲೆ ಹೇಳಿದ್ದು ಸರಿಯಲ್ಲ. ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ವಿಳಾಸದ ಬಗ್ಗೆ ವಿಚಾರಿಸಿದಾಗಲೂ "ಅದನ್ನು ಯಾರೂ ಕೇಳಲ್ಲ ಸಾರ್" ಎಂದು ಮಾತು ಮುಗಿಸಿದರು. ಕನ್ನಡದ ಫಲಕ ಹಾಕಿಕೊಂಡು ವ್ಯಾಪಾರ ಮಾಡುವವರೇ ತುಂಬಿರುವ ಈ ಊರಿನಲ್ಲಿ ಅದರ ದರ ಮತ್ತು ವಿಧಾನದ ಮಾಹಿತಿಯನ್ನಾದರೂ ಅವರು ಇಟ್ಟುಕೊಂಡಿರಬೇಕು.