ಐಐಟಿ ಮದ್ರಾಸ್ ಆನ್‌ಲೈನ್ ಬಿಎಸ್: ಬಿಸಿಎ, ಐಎಸ್‌ಇ ಓದುತ್ತಲೇ ಸೇರಬಹುದೇ?

ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಪದವಿಗೆ ಈಗಿನ ಹೆಸರು ಬಿಎಸ್ ಇನ್ ಡೇಟಾ ಸೈನ್ಸ್ ಆಂಡ್ ಅಪ್ಲಿಕೇಶನ್ಸ್. ಜಾಹೀರಾತುಗಳು ಎತ್ತಿ ಹಿಡಿಯುವುದು ಡೇಟಾ ಸೈನ್ಸನ್ನು. ಆದರೆ ಇದರ ನಡುವಿನ ಒಂದು ಭಾಗ ಅಪ್ಪಟ ಇನ್‌ಫರ್ಮೇಶನ್ ಸಿಸ್ಟಮ್ಸ್. ಡೇಟಾಬೇಸ್, ವೆಬ್ ಅಪ್ಲಿಕೇಶನ್, ಜಾವಾ, ಲಿನಕ್ಸ್ ಕಮಾಂಡ್‌ಗಳು ಎಲ್ಲ ಅಲ್ಲಿವೆ. ಬಿಸಿಎ ಅಥವಾ ವಿಟಿಯು ಐಎಸ್‌ಇ (ಇನ್‌ಫರ್ಮೇಶನ್ ಸೈನ್ಸ್ ಎಂಜಿನಿಯರಿಂಗ್) ಓದುತ್ತಿರುವವರು ಹಣ ಕೊಡಬೇಕಾದ್ದು ಆ ಭಾಗಕ್ಕೆ. ಹಾಗಾಗಿ ಈ ವಿಮರ್ಶೆಯಲ್ಲಿ ಹೆಚ್ಚು ಜಾಗ ಅದಕ್ಕೇ.

ಮೊದಲು ಚೌಕಟ್ಟು. ಫೌಂಡೇಶನ್ ಹಂತದಲ್ಲಿ ಎಂಟು ಕೋರ್ಸ್, 32 ಕ್ರೆಡಿಟ್. ಅದಾದ ಮೇಲೆ ಎರಡು ಡಿಪ್ಲೊಮಾ, ಒಂದು ಪ್ರೋಗ್ರಾಮಿಂಗ್‌ನಲ್ಲಿ, ಇನ್ನೊಂದು ಡೇಟಾ ಸೈನ್ಸ್‌ನಲ್ಲಿ, ತಲಾ 27 ಕ್ರೆಡಿಟ್. 114 ಕ್ರೆಡಿಟ್ ಮುಗಿದರೆ ಬಿಎಸ್ಸಿ, 142 ಆದರೆ ಬಿಎಸ್. ಯಾವ ಹಂತದಲ್ಲಿ ಬೇಕಾದರೂ ಆಯಾ ಪ್ರಮಾಣಪತ್ರ ತೆಗೆದುಕೊಂಡು ಹೊರಬರಬಹುದು. ವರ್ಷಕ್ಕೆ ಮೂರು ಟರ್ಮ್: ಜನವರಿ, ಮೇ, ಸೆಪ್ಟೆಂಬರ್. ಪಾಠವೆಲ್ಲ ವಿಡಿಯೊದಲ್ಲಿ. ಕ್ವಿಜ್ ಮತ್ತು ಎಂಡ್‌ಟರ್ಮ್ ಮಾತ್ರ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಎರಡು ಪದವಿಗಳನ್ನು ಒಟ್ಟಿಗೆ ಓದಲು ಯುಜಿಸಿ 2022ರಲ್ಲೇ ಅವಕಾಶ ಕೊಟ್ಟಿದೆ. ಆದರೂ ನಿಮ್ಮ ಕಾಲೇಜಿನ ಕಚೇರಿಯಲ್ಲಿ ಒಂದು ಮಾತು ಕೇಳಿಡುವುದು ಒಳ್ಳೆಯದು.

ಒಳಗೆ ಹೋಗಲು ಕ್ವಾಲಿಫೈಯರ್ ಎಂಬ ಅರ್ಹತಾ ಹಂತ ದಾಟಬೇಕು. ನಾಲ್ಕು ವಾರದ ಪಾಠ, ವಾರವಾರ ಅಸೈನ್‌ಮೆಂಟ್, ಕೊನೆಗೆ ನಾಲ್ಕು ವಿಷಯಕ್ಕೂ ಸೇರಿ ನಾಲ್ಕು ಗಂಟೆಯ ಒಂದೇ ಪರೀಕ್ಷೆ. ಸಾಮಾನ್ಯ ವರ್ಗದವರಿಗೆ ಪ್ರತಿ ವಿಷಯದಲ್ಲಿ ಶೇಕಡಾ 40, ಒಟ್ಟು ಸರಾಸರಿ ಶೇಕಡಾ 50 ಬೇಕು. ಇಂಗ್ಲಿಷ್, ಗಣಿತ, ಸಂಖ್ಯಾಶಾಸ್ತ್ರಕ್ಕೆ ಎಲ್ಲರೂ ತಯಾರಿ ಮಾಡಿಕೊಳ್ಳುತ್ತಾರೆ. ಎಡವುವುದು ಕಂಪ್ಯೂಟೇಶನಲ್ ಥಿಂಕಿಂಗ್‌ನಲ್ಲಿ, ಅದೂ ಆಗಲೇ ಸಿ ಬಲ್ಲವರು. ಇಲ್ಲಿ ಯಾವ ಪ್ರೋಗ್ರಾಮಿಂಗ್ ಭಾಷೆಯೂ ಇಲ್ಲ. ವಿದ್ಯಾರ್ಥಿಗಳ ಅಂಕಪಟ್ಟಿಯೋ ಅಂಗಡಿ ಬಿಲ್ಲುಗಳೋ ಕಾರ್ಡುಗಳ ರೂಪದಲ್ಲಿರುತ್ತವೆ. ಪೈಲ್ 1ರ (ಮೊದಲ ರಾಶಿಯ) ಮೇಲಿನ ಕಾರ್ಡು ಓದಿ ಪೈಲ್ 2ಕ್ಕೆ ಸರಿಸುತ್ತಾ ಹೋಗುವ ಸ್ಯೂಡೊಕೋಡ್, ಅಂದರೆ ಸರಳ ಮಾತಿನಲ್ಲಿ ಬರೆದ ಹಂತಗಳನ್ನು ಕೊಟ್ಟು, ಕೊನೆಗೆ ಕೌಂಟ್ ಎಂಬ ವೇರಿಯಬಲ್‌ನ ಬೆಲೆ ಏನು ಸೂಚಿಸುತ್ತದೆ ಎಂದು ಕೇಳುತ್ತಾರೆ. ಮೊದಲ ಲೂಪ್ (ಮತ್ತೆ ಮತ್ತೆ ನಡೆಯುವ ಹಂತಗಳ ಗುಂಪು) ಮುಗಿದಾಗ ಪೈಲ್ 1 ಖಾಲಿಯಾಗಿರುತ್ತದೆ. ಕಾರ್ಡುಗಳನ್ನು ವಾಪಸ್ ತರದೆ ಎರಡನೇ ಲೂಪ್ ಬರೆದಿದ್ದರೆ ಅದು ಒಮ್ಮೆಯೂ ಓಡುವುದಿಲ್ಲ. ಉತ್ತರ ತಪ್ಪುವ ಜಾಗ ಇದು. ಇನ್ನೊಂದು ಜಾಗ, ವೇರಿಯಬಲ್‌ಗೆ ಸೊನ್ನೆ ಹಾಕಿದ್ದು ಲೂಪಿನ ಒಳಗೋ ಹೊರಗೋ ಎಂದು ನೋಡದಿರುವುದು. ಮೂರೇ ಮೂರು ಕಾರ್ಡು ಕಲ್ಪಿಸಿಕೊಂಡು ಕಾಗದದ ಮೇಲೆ ಒಂದೊಂದೇ ಹಂತ ಟ್ರೇಸ್ ಮಾಡಿದರೆ ಇವೆರಡೂ ಸಿಕ್ಕಿಬೀಳುತ್ತವೆ.

ಅರ್ಹತೆಗೆ ಹತ್ತನೇ ತರಗತಿಯ ಗಣಿತ ಸಾಕು ಎಂಬ ಮಾತನ್ನು ನಂಬಿ ಕೂರಬೇಡಿ. ಅದು ಅರ್ಜಿ ಹಾಕಲು ಸಾಕು, ಅಷ್ಟೇ. ಗಣಿತ 1ರ ಕೊನೆಯ ವಾರಗಳಲ್ಲಿ ಗ್ರಾಫ್ ಥಿಯರಿ ಬರುತ್ತದೆ: ಬಿಂದುಗಳ ಜಾಲದಲ್ಲಿ ಹುಡುಕುವ, ಹತ್ತಿರದ ದಾರಿ ಕಂಡುಹಿಡಿಯುವ ಬಿಎಫ್‌ಎಸ್, ಡಿಎಫ್‌ಎಸ್, ಡೈಕ್‌ಸ್ಟ್ರಾ ವಿಧಾನಗಳು. ಇದನ್ನು ಕಲಿಸುವವರು ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್, ಅವರ ಪಾಠ ಚೊಕ್ಕ. ಕಷ್ಟದ ಕೋರ್ಸ್ ಎಂದರೆ ಸಂಖ್ಯಾಶಾಸ್ತ್ರ 2. ಜಾಯಿಂಟ್ ಡಿಸ್ಟ್ರಿಬ್ಯೂಶನ್, ಕಂಡೀಶನಲ್ ಎಕ್ಸ್‌ಪೆಕ್ಟೇಶನ್‌ನಂಥ ಸಂಭವನೀಯತೆಯ ವಿಷಯಗಳು ಬಂದ ಕಡೆ, ಪಿಯುಸಿಯಲ್ಲಿ ಗಣಿತ ಬಿಟ್ಟವರು ನಿಂತುಬಿಡುತ್ತಾರೆ. ಅದನ್ನು ಇನ್ನೊಂದು ಹಗುರ ಕೋರ್ಸಿನ ಜೊತೆ ಮಾತ್ರ ಇಟ್ಟುಕೊಳ್ಳಿ. ಇಂಗ್ಲಿಷ್ 2 ಅದಕ್ಕೆ ಸರಿ ಜೋಡಿ.

ಇಲ್ಲಿ ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಪಾಠ ಅರ್ಥವಾಗದೆ ಬಿಡುವುದಿಲ್ಲ, ವಾರದ ಗಡುವಿಗೆ ಸೋತು ಬಿಡುತ್ತಾರೆ. ಪ್ರತಿ ಕೋರ್ಸಿಗೂ ವಾರಕ್ಕೊಂದು ಗ್ರೇಡೆಡ್ ಅಸೈನ್‌ಮೆಂಟ್ ಇರುತ್ತದೆ. ಮೊದಲ ಏಳು ವಾರಗಳಲ್ಲಿ ಅತಿ ಹೆಚ್ಚು ಅಂಕ ಬಂದ ಐದರ ಸರಾಸರಿ 40 ಇಲ್ಲದಿದ್ದರೆ ಎಂಡ್‌ಟರ್ಮ್‌ಗೆ ಕೂರಿಸುವುದೇ ಇಲ್ಲ. ಅಂದರೆ ಕಾಲೇಜಿನ ಇಂಟರ್ನಲ್ಸ್ ನಡುವೆ ಎರಡು ವಾರ ತಪ್ಪಿಸಬಹುದು, ಮೂರನೆಯದು ತಪ್ಪಿದರೆ ಐದರಲ್ಲಿ ಒಂದು ಸೊನ್ನೆಯಾಗುತ್ತದೆ, ಉಳಿದ ನಾಲ್ಕರ ಸರಾಸರಿ 50 ಇರಬೇಕಾಗುತ್ತದೆ. ಒಂದು ಕೋರ್ಸಿಗೆ ವಾರಕ್ಕೆ ಹತ್ತು ಗಂಟೆ ಎಂದು ಸಂಸ್ಥೆಯೇ ಹೇಳುತ್ತದೆ, ಆ ಲೆಕ್ಕ ಸರಿಯಾಗಿದೆ. ನಾಲ್ಕು ಕೋರ್ಸ್ ಹಿಡಿದರೆ ನಲವತ್ತು ಗಂಟೆ. ಅದರ ಮೇಲೆ ಕಾಲೇಜು, ಲ್ಯಾಬ್ ರೆಕಾರ್ಡ್, ಕಡ್ಡಾಯ ಹಾಜರಿ. ಆಗದ ಮಾತು. ಟರ್ಮ್‌ಗೆ ಎರಡೇ ಇಟ್ಟುಕೊಂಡರೆ ಫೌಂಡೇಶನ್‌ಗೆ ನಾಲ್ಕು ಟರ್ಮ್, ಪ್ರೋಗ್ರಾಮಿಂಗ್ ಡಿಪ್ಲೊಮಾಗೆ ಪ್ರಾಜೆಕ್ಟ್ ಸೇರಿ ಇನ್ನು ನಾಲ್ಕು. ಎರಡೂ ಮುಕ್ಕಾಲು ವರ್ಷದ ಒಳಗೆ ಮುಗಿಯುತ್ತದೆ. ಬಿಸಿಎ ಮುಗಿಯುವ ಹೊತ್ತಿಗೆ ಕೈಯಲ್ಲಿ ಎರಡೂ ಇರುತ್ತವೆ.

ಈಗ ಪ್ರೋಗ್ರಾಮಿಂಗ್ ಡಿಪ್ಲೊಮಾ. ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ) ಪಾಠದಲ್ಲಿ ನಾರ್ಮಲೈಸೇಶನ್, ಟ್ರಾನ್ಸಾಕ್ಷನ್ ಎಲ್ಲ ನಮ್ಮ ವಿಶ್ವವಿದ್ಯಾಲಯಗಳ ಪಠ್ಯದಂತೆಯೇ, ಅಲ್ಲಿ ಹೊಸದೇನಿಲ್ಲ. ಬೆಲೆ ಇರುವುದು ಮಾಡರ್ನ್ ಅಪ್ಲಿಕೇಶನ್ ಡೆವಲಪ್‌ಮೆಂಟ್‌ಗೆ. ವಿದ್ಯಾರ್ಥಿಗಳ ಬಾಯಲ್ಲಿ ಮ್ಯಾಡ್ 1, ಮ್ಯಾಡ್ 2. ಎರಡಕ್ಕೂ ಪ್ರತ್ಯೇಕ ಪ್ರಾಜೆಕ್ಟ್, ಎರಡಕ್ಕೂ ವೈವಾ (ಮೌಖಿಕ ಪರೀಕ್ಷೆ).

ಮ್ಯಾಡ್ 1ರಲ್ಲಿ ಪೈಥಾನ್‌ನಲ್ಲಿ ವೆಬ್ ಆಪ್ ಕಟ್ಟಲು ಫ್ಲಾಸ್ಕ್, ಪುಟಗಳಿಗೆ ಜಿಂಜಾ2 ಮತ್ತು ಬೂಟ್‌ಸ್ಟ್ರಾಪ್, ದತ್ತಾಂಶ ಇಡಲು ಎಸ್‌ಕ್ಯೂಲೈಟ್. ಡೇಟಾಬೇಸನ್ನು ಕೋಡ್ ಮೂಲಕವೇ ಸೃಷ್ಟಿಸಬೇಕು, ಡಿಬಿ ಬ್ರೌಸರ್ (ಡೇಟಾಬೇಸ್ ಫೈಲ್ ತೆರೆದು ನೋಡುವ ತಂತ್ರಾಂಶ) ಬಳಸಿ ಕೈಯಾರೆ ಟೇಬಲ್ ಮಾಡಿಟ್ಟರೆ ಒಪ್ಪುವುದಿಲ್ಲ. ಎಲ್ಲರಿಗೂ ಎದುರಾಗುವ ತೊಂದರೆಗಳು ಇವು. ಮಾಡೆಲ್‌ಗೆ (ಕೋಡಿನಲ್ಲಿ ಬರೆದ ಟೇಬಲ್ ವಿವರಣೆಗೆ) ಹೊಸ ಕಾಲಮ್ ಸೇರಿಸಿ ಆಪ್ ಓಡಿಸಿದರೆ 'ನೋ ಸಚ್ ಕಾಲಮ್' ಬರುತ್ತದೆ, ಏಕೆಂದರೆ 'ಕ್ರಿಯೇಟ್ ಆಲ್' ಆದೇಶವು ಇಲ್ಲದ ಟೇಬಲನ್ನು ಸೃಷ್ಟಿಸುತ್ತದೆಯೇ ಹೊರತು ಇರುವ ಟೇಬಲನ್ನು ತಿದ್ದುವುದಿಲ್ಲ. ಪ್ರಾಜೆಕ್ಟ್ ಹಂತದಲ್ಲಿ ಫೈಲ್ ಅಳಿಸಿ ಮತ್ತೆ ಸೃಷ್ಟಿಸಿಬಿಡಿ, ಮಾದರಿ ದತ್ತಾಂಶ ತುಂಬುವ ಸ್ಕ್ರಿಪ್ಟ್ ಒಂದಿದ್ದರೆ ಎರಡು ನಿಮಿಷದ ಕೆಲಸ. ಫ್ಲಾಸ್ಕನ್ನು ಡೇಟಾಬೇಸಿಗೆ ಜೋಡಿಸುವ ಫ್ಲಾಸ್ಕ್ ಎಸ್‌ಕ್ಯೂಎಲ್ ಆಲ್ಕೆಮಿಯ 3ನೇ ಆವೃತ್ತಿಯಿಂದ ಈಚೆಗೆ ಡೇಟಾಬೇಸ್ ಫೈಲ್ ಇನ್‌ಸ್ಟೆನ್ಸ್ ಫೋಲ್ಡರಿನೊಳಗೆ ಕೂರುತ್ತದೆ. ಹೊರಗಿನ ಹಳೆಯ ಫೈಲ್ ತೆರೆದು ದತ್ತಾಂಶ ಉಳಿಯುತ್ತಿಲ್ಲ ಎಂದು ಗಾಬರಿಯಾಗಬೇಡಿ. ಆಪ್ ಓಡುತ್ತಿರುವಾಗ ಡಿಬಿ ಬ್ರೌಸರ್‌ನಲ್ಲಿ ಒಂದು ಸಾಲು ತಿದ್ದಿ 'ರೈಟ್ ಚೇಂಜಸ್' ಒತ್ತದೆ ಬಿಟ್ಟರೆ, ಫ್ಲಾಸ್ಕ್ ಬರೆಯಲು ಹೋದಾಗ 'ಡೇಟಾಬೇಸ್ ಈಸ್ ಲಾಕ್ಡ್' ಎನ್ನುತ್ತದೆ. ಎಸ್‌ಕ್ಯೂಲೈಟ್ ಫಾರಿನ್ ಕೀಯನ್ನು (ಎರಡು ಟೇಬಲ್‌ಗಳ ನಡುವಿನ ಕೊಂಡಿಯನ್ನು) ತಾನಾಗಿ ಕಾಯುವುದೂ ಇಲ್ಲ. ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಎಂಬ ಅದರ ಸೆಟ್ಟಿಂಗ್ ಆನ್ ಮಾಡಬೇಕು. ಮಾಡದಿದ್ದರೆ ಬಳಕೆದಾರನನ್ನು ಅಳಿಸಿದರೂ ಅವನ ಬುಕಿಂಗ್‌ಗಳು ಅನಾಥವಾಗಿ ಉಳಿಯುತ್ತವೆ, ವೈವಾದಲ್ಲಿ ಪರೀಕ್ಷಕರು ಒತ್ತುವ ಮೊದಲ ಗುಂಡಿಯೇ ಡಿಲೀಟ್ ಆಗಿದ್ದರೆ ಅಲ್ಲೇ ಬಯಲಾಗುತ್ತದೆ.

ಮ್ಯಾಡ್ 2ರಲ್ಲಿ ಬಳಕೆದಾರರಿಗೆ ಕಾಣುವ ಮುಂಭಾಗಕ್ಕೆ ವ್ಯೂ, ಹಿಂದೆ ದತ್ತಾಂಶ ಒದಗಿಸುವ ಫ್ಲಾಸ್ಕ್ ಎಪಿಐ, ಕ್ಯಾಶಿಂಗ್‌ಗೆ (ಪದೇ ಪದೇ ಬೇಕಾಗುವ ದತ್ತಾಂಶವನ್ನು ಬೇಗ ಕೊಡಲು) ರೆಡಿಸ್, ದಿನದ ನೆನಪೋಲೆ ಮತ್ತು ತಿಂಗಳ ವರದಿಯಂಥ ಕೆಲಸಕ್ಕೆ ಸೆಲೆರಿ. ವಿಂಡೋಸ್ ಲ್ಯಾಪ್‌ಟಾಪ್ ಇದ್ದವರು ಮೊದಲ ದಿನವೇ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳಿ. ಸೆಲೆರಿ 4ರಿಂದ ಈಚೆಗೆ ವಿಂಡೋಸ್‌ಗೆ ಅಧಿಕೃತ ಬೆಂಬಲ ಇಲ್ಲ. 'ಪೂಲ್ ಸೋಲೊ' ಎಂಬ ಆಯ್ಕೆ ಕೊಟ್ಟು ಓಡಿಸಬಹುದಾದರೂ ಒಮ್ಮೆಗೆ ಒಂದೇ ಟಾಸ್ಕ್ ನಡೆಯುತ್ತದೆ. ಡೆಮೊ ದಿನ ನಾಲ್ಕು ಟರ್ಮಿನಲ್ ತೆರೆದಿರಬೇಕು: ಫ್ಲಾಸ್ಕ್, ರೆಡಿಸ್, ಕೆಲಸ ಮಾಡುವ ಸೆಲೆರಿ ವರ್ಕರ್, ಹೊತ್ತಿಗೆ ಸರಿಯಾಗಿ ಕೆಲಸ ಕಳಿಸುವ ಸೆಲೆರಿ ಬೀಟ್. ಬೀಟ್ ಮರೆತರೆ ನಿಗದಿತ ಟಾಸ್ಕ್ ಒಂದೂ ಏಳುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಸೆಲೆರಿಯ ಡೀಫಾಲ್ಟ್ ಸಮಯ ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಸಂಜೆ 6ಕ್ಕೆ ಎಂದು ಬರೆದ ಮೇಲ್ ರಾತ್ರಿ 11:30ಕ್ಕೆ ಹೋಗುತ್ತಿದ್ದರೆ ಟೈಮ್‌ಝೋನನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿ. ಇಷ್ಟನ್ನು ಕೈಯಾರೆ ಕಟ್ಟಿದವರಿಗೆ ಕಾಲೇಜಿನ ಕೊನೆ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ಕೊಳ್ಳುವ ಪ್ರಮೇಯ ಬರುವುದಿಲ್ಲ. (ಆ ವ್ಯಾಪಾರ ನಮ್ಮ ಊರುಗಳಲ್ಲಿ ಎಷ್ಟು ಜೋರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.)

ಜಾವಾ ಕೋರ್ಸ್ ಸಾಧಾರಣ. ಸಿಸ್ಟಮ್ ಕಮಾಂಡ್ಸ್ ಚಿಕ್ಕದು, ಆದರೆ ಅದರ ಪರೀಕ್ಷೆ ಲಿನಕ್ಸ್ ಯಂತ್ರದ ಮೇಲೆ ನೇರವಾಗಿ ಸ್ಕ್ರಿಪ್ಟ್ ಬರೆಯಿಸುತ್ತದೆ. ಗ್ರೆಪ್, ಸೆಡ್, ಆಕ್ ಎಂಬ ಪಠ್ಯ ಹುಡುಕುವ, ತಿದ್ದುವ ಕಮಾಂಡ್‌ಗಳನ್ನು ಬರೀ ಬಾಯಿಪಾಠ ಮಾಡಿದವರಿಗೆ ಅಲ್ಲಿ ಕೆಲಸವಿಲ್ಲ. ಪ್ರೋಗ್ರಾಮಿಂಗ್ ಪರೀಕ್ಷೆಗಳು ಮನೆಯಿಂದಲೇ, ಕ್ಯಾಮೆರಾ ಕಾವಲಿನಲ್ಲಿ ನಡೆಯುತ್ತವೆ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ಮನೆಯ ವೈಫೈ ಹೋದರೆ ಬದಲಿಸಿಕೊಳ್ಳಲು ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿಡಿ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ನಂಬಿ ಕೂರುವವರು ಯಾರೂ ಇರಲಾರರು.

ಕೊರತೆಗಳು? ಈ ಪದವಿಯ ಹಾದಿಯಲ್ಲಿ ಡಿಪ್ಲೊಮಾಗೆ ಹೋಗಲು ಫೌಂಡೇಶನ್‌ನ ಎಂಟೂ ಕೋರ್ಸ್ ಮುಗಿದಿರಬೇಕು, ಬಿಸಿಎಯಲ್ಲಿ ಪೈಥಾನ್ ಓದಿದ್ದರೂ ಇಲ್ಲಿ ಮತ್ತೆ ಓದಬೇಕು. ಕಲಿಕೆಯೆಲ್ಲ ಇಂಗ್ಲಿಷಿನಲ್ಲಿ. ಡಿಸೆಂಬರಿನ ಎಂಡ್‌ಟರ್ಮ್ ನಮ್ಮ ಬೆಸ ಸೆಮಿಸ್ಟರಿನ ಪರೀಕ್ಷೆಗಳ ಹೊತ್ತಿಗೇ ಬರುತ್ತದೆ. ಸೆಪ್ಟೆಂಬರ್ ಟರ್ಮ್‌ನಲ್ಲಿ ಒಂದೇ ಕೋರ್ಸ್ ಹಿಡಿದು, ಮೇ ಟರ್ಮ್‌ಗೆ ಮೂರು ಇಟ್ಟುಕೊಳ್ಳುವುದು ಜಾಣತನ.

ಹಣದ ವಿಷಯ. ಆರಂಭದಲ್ಲಿ ಫೌಂಡೇಶನ್ ಎಂಟು ಕೋರ್ಸಿಗೆ 32,000 ರೂಪಾಯಿ ಇತ್ತು. ಮೇಲಿನ ಹಂತಗಳಲ್ಲಿ ಕೋರ್ಸಿನ ದರ ಏರುತ್ತದೆ, ಸೇರುವ ಟರ್ಮ್‌ನ ದರವನ್ನು ಅಧಿಕೃತ ಜಾಲತಾಣದಲ್ಲೇ ನೋಡಿ. ಟರ್ಮ್‌ನಲ್ಲಿ ಹಿಡಿದ ಕೋರ್ಸುಗಳಿಗೆ ಮಾತ್ರ ಕಟ್ಟಬೇಕಾದ್ದರಿಂದ ಒಮ್ಮೆಲೇ ದೊಡ್ಡ ಮೊತ್ತ ಬೇಕಾಗುವುದಿಲ್ಲ. ವರ್ಗ ಮತ್ತು ಕುಟುಂಬದ ಆದಾಯ ನೋಡಿ 75 ಶೇಕಡಾವರೆಗೆ ರಿಯಾಯಿತಿ ಇದೆ. ಕರ್ನಾಟಕದವರು ಮುಗ್ಗರಿಸುವುದು ಇಲ್ಲಿ: ಸಿಇಟಿಗೆ ಕೊಟ್ಟ 2ಎ, 3ಬಿ ಪ್ರಮಾಣಪತ್ರ ರಾಜ್ಯದ ಪಟ್ಟಿಗೆ ಸೇರಿದ್ದು. ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರ ಬೇರೆಯೇ ಮಾಡಿಸಬೇಕು, ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲೂ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಆದಾಯ ಪ್ರಮಾಣಪತ್ರದ ಜೊತೆ ಇದಕ್ಕೂ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟುಬಿಡಿ, ಕ್ವಾಲಿಫೈಯರ್ ಅರ್ಜಿಯ ಕೊನೇ ದಿನಾಂಕಕ್ಕೆ ಒಂದು ತಿಂಗಳಾದರೂ ಮೊದಲು.