ಮನೆಯ ಲಿನಕ್ಸ್ ಕಂಪ್ಯೂಟರುಗಳಿಗೆ ಆನ್ಸಿಬಲ್: ಒಂದೂವರೆ ವರ್ಷ ಬಳಸಿದ ಮೇಲೆ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳಿವೆ, ತಮ್ಮನ ಡಿಟಿಪಿ ಅಂಗಡಿಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ನನ್ನದು ಡೆಬಿಯನ್ 12, ಇಂಜಿನಿಯರಿಂಗ್ ಓದುತ್ತಿರುವ ಮಗಳದು ಫೆಡೋರಾ, ಅಂಗಡಿಯದು ಉಬುಂಟು 24.04; ಮೂರೂ ಲಿನಕ್ಸ್‌ನ ಬೇರೆ ಬೇರೆ ರೂಪಗಳು, ಅಂದರೆ ಡಿಸ್ಟ್ರೊಗಳು. ಮೂರನ್ನೂ ನೋಡಿಕೊಳ್ಳುವ ಹೊಣೆ ನನ್ನದೇ. ಒಂದು ಬೇಸಿಗೆಯ ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಸತ್ತುಹೋಯಿತು. ಕಡತಗಳ ಬ್ಯಾಕಪ್ ಇದ್ದುದರಿಂದ ಬರೆದದ್ದೇನೂ ಕಳೆದುಹೋಗಲಿಲ್ಲ. ಆದರೆ ಹೊಸ ಡಿಸ್ಕ್ ಹಾಕಿ ಡೆಬಿಯನ್ ಅಳವಡಿಸಿದ ಮೇಲೆ ಆ ಯಂತ್ರ ಮೊದಲಿನಂತಾಗಲು ಪೂರ್ತಿ ಎರಡು ದಿನ ಹಿಡಿಯಿತು. ಯಾವ ಯಾವ ಪ್ಯಾಕೇಜ್‌ಗಳು (ಅಳವಡಿಸುವ ತಂತ್ರಾಂಶದ ಕಟ್ಟುಗಳು) ಇದ್ದವು ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು, ತಲೆಯಲ್ಲಿದ್ದದ್ದು ಒಂದೇ ಸಲಕ್ಕೆ ನೆನಪಿಗೆ ಬರಲಿಲ್ಲ. ಮೂರನೆಯ ದಿನ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕುಳಿತಾಗ ಕನ್ನಡ ಟೈಪ್ ಮಾಡುವ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಇಲ್ಲವೆಂದು ತಿಳಿಯಿತು. ವಾರದ ಬಳಿಕ ಹಳೆಯ ಪುಟವೊಂದನ್ನು ಸ್ಕ್ಯಾನ್ ಮಾಡಿ ಓದಿಸಲು ಹೋದಾಗ, ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ಟೆಸರಾಕ್ಟ್‌ನ ಕನ್ನಡ ದತ್ತಾಂಶವನ್ನು ಹಾಕಿಲ್ಲವೆಂದು ಗೊತ್ತಾಯಿತು. ಇನ್ನೊಮ್ಮೆ ಹೀಗಾಗಬಾರದು ಎಂದು ಹುಡುಕುತ್ತ ಹೋದಾಗ ಸಿಕ್ಕ ಸಾಧನ ಆನ್ಸಿಬಲ್: ಕಂಪ್ಯೂಟರಿನಲ್ಲಿ ಏನೇನು ಇರಬೇಕೆಂದು ಬರೆದುಕೊಟ್ಟರೆ ಅದರಂತೆ ಯಂತ್ರವನ್ನು ಸಜ್ಜುಗೊಳಿಸುವ ತಂತ್ರಾಂಶ.

ಮೈಕೆಲ್ ಡೆಹಾನ್ ಅವರು 2012ರಲ್ಲಿ ಹೊರತಂದ, 2015ರಲ್ಲಿ ರೆಡ್ ಹ್ಯಾಟ್ ಕಂಪನಿ ಕೊಂಡುಕೊಂಡ ಈ ತಂತ್ರಾಂಶ ಪೈಥಾನ್ ಭಾಷೆಯಲ್ಲಿದೆ. ಜಿಪಿಎಲ್ ಪರವಾನಗಿಯಡಿ ಮುಕ್ತವಾಗಿ ಸಿಗುತ್ತದೆ. ಇದನ್ನು ಕಟ್ಟಿದ್ದು ನೂರಾರು ಸರ್ವರ್‌ಗಳನ್ನು ನಿರ್ವಹಿಸುವವರಿಗಾಗಿ. ಒಂದು ಕಂಪ್ಯೂಟರಿನಲ್ಲಿ ಕುಳಿತು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಉಳಿದವುಗಳಿಗೆ ಆದೇಶ ಕೊಡುವುದು ಅದರ ಮೂಲ ಕ್ರಮ. ಮೂರು ಯಂತ್ರಗಳ ಸಂಸಾರಕ್ಕೆ ಇಷ್ಟು ದೊಡ್ಡ ಸಾಧನ ಬೇಕೇ ಎಂಬ ಅನುಮಾನ ನನಗೂ ಇತ್ತು. ಆದರೆ ಅದರ ಜೊತೆಗೇ ಬರುವ ಆನ್ಸಿಬಲ್-ಪುಲ್ ಎಂಬ ಆದೇಶ ಈ ಕ್ರಮವನ್ನು ತಿರುಗಿಸಿಬಿಡುತ್ತದೆ: ಕಂಪ್ಯೂಟರು ತಾನೇ ಗಿಟ್ ಭಂಡಾರದಿಂದ (ಕಡತಗಳನ್ನು ಅವುಗಳ ಬದಲಾವಣೆಗಳ ಸಮೇತ ಇಡುವ ಜಾಗ) ಪ್ಲೇಬುಕ್ಕನ್ನು, ಅಂದರೆ ಆನ್ಸಿಬಲ್‌ಗೆ ನಾವು ಬರೆದಿಟ್ಟ ಸೂಚನೆಗಳ ಕಡತವನ್ನು, ಎಳೆದುಕೊಂಡು ತನ್ನ ಮೇಲೆಯೇ ನಡೆಸಿಕೊಳ್ಳುತ್ತದೆ. ಮನೆಯ ಬಳಕೆಗೆ ಬೇಕಾದದ್ದು ಇದೇ. ಹೊಸ ಯಂತ್ರದಲ್ಲಿ ಕೈಯಾರೆ ಮಾಡಬೇಕಾದ ಕೆಲಸ ಎರಡೇ: ಗಿಟ್ ಮತ್ತು ಆನ್ಸಿಬಲ್ ಹಾಕುವುದು, ಭಂಡಾರದ ವಿಳಾಸ ಕೊಟ್ಟು ಆ ಒಂದು ಆದೇಶ ನೀಡುವುದು. ಯಂತ್ರದ ಹೆಸರಿನದೇ ಪ್ಲೇಬುಕ್ ಇದ್ದರೆ ಅದನ್ನೂ, ಇಲ್ಲದಿದ್ದರೆ ‘ಲೋಕಲ್’ ಎಂಬ ಹೆಸರಿನದನ್ನೂ ಅದು ತಾನಾಗಿ ಆರಿಸಿಕೊಳ್ಳುತ್ತದೆ.

ಇದರ ಮುಖ್ಯ ಗುಣವನ್ನು ಹೇಳಲು ನಮ್ಮ ಮನೆಯ ಒಂದು ಪ್ರಸಂಗವೇ ನನಗೆ ನೆನಪಾಗುತ್ತದೆ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದಾಗ ನಮ್ಮ ತಂದೆ ಒಂದು ನೋಟ್‌ಬುಕ್ಕಿನಲ್ಲಿ ಕೋಣೆವಾರು ಸಾಮಾನಿನ ಪಟ್ಟಿ ಬರೆದಿದ್ದರು. ಸಾಮಾನು ಹೊರುವವರಿಗೆ ‘ಅದನ್ನು ಎತ್ತು, ಇದನ್ನು ಇಡು’ ಎಂದು ಹೇಳುವ ಪಟ್ಟಿ ಅದಾಗಿರಲಿಲ್ಲ. ಅಡುಗೆಮನೆಯಲ್ಲಿ ಇಂಥಿಂಥದ್ದು ಇರಬೇಕು, ದೇವರ ಕೋಣೆಯಲ್ಲಿ ಇಂಥಿಂಥದ್ದು ಇರಬೇಕು ಎಂದಷ್ಟೇ ಅದರಲ್ಲಿತ್ತು. ಗಾಡಿಯ ಪ್ರತಿ ಸರದಿ ಬಂದಾಗಲೂ ಪಟ್ಟಿ ಹಿಡಿದು ಕೋಣೆಗೆ ಹೋಗಿ, ಇದ್ದದ್ದಕ್ಕೆ ಗುರುತು ಹಾಕಿ, ಇಲ್ಲದ್ದನ್ನು ಮಾತ್ರ ತರಿಸುತ್ತಿದ್ದರು. ಆನ್ಸಿಬಲ್ ಮಾಡುವುದೂ ಇದನ್ನೇ. ಪ್ಲೇಬುಕ್ಕಿನಲ್ಲಿ ಬರೆಯುವುದು ಕೆಲಸವನ್ನಲ್ಲ, ಇರಬೇಕಾದ ಸ್ಥಿತಿಯನ್ನು. ಪ್ಯಾಕೇಜ್ ಈಗಾಗಲೇ ಇದ್ದರೆ ಅದು ಮುಟ್ಟುವುದಿಲ್ಲ; ಇಲ್ಲದಿದ್ದರೆ ಹಾಕುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಮೊದಲು ಶೆಲ್ ಸ್ಕ್ರಿಪ್ಟ್ (ಆದೇಶಗಳನ್ನು ಸಾಲಾಗಿ ಬರೆದ ಕಡತ) ಬರೆದು ನೋಡಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಹಳೆಯ ಸ್ಕ್ರಿಪ್ಟು ಟರ್ಮಿನಲ್‌ನಲ್ಲಿ ಆದೇಶ ಓದುವ ಬ್ಯಾಶ್‌ನ ಸೆಟ್ಟಿಂಗ್ ಕಡತದ ಕೊನೆಗೆ ಒಂದು ಸಾಲು ಸೇರಿಸುತ್ತಿತ್ತು. ಮಧ್ಯದಲ್ಲಿ ಏನೋ ತಪ್ಪಿ ಮೂರು ಸಲ ಓಡಿಸಿದ್ದೆ, ಆ ಸಾಲು ಮೂರು ಸಲ ಸೇರಿತ್ತು. ಆನ್ಸಿಬಲ್‌ನಲ್ಲಿ ಒಂದೊಂದು ಬಗೆಯ ಕೆಲಸಕ್ಕೂ ಒಂದೊಂದು ಮಾಡ್ಯೂಲು ಇದೆ; ಅದರ ಲೈನ್‌ಇನ್‌ಫೈಲ್ ಮಾಡ್ಯೂಲು ಆ ಸಾಲು ಇದೆಯೇ ಎಂದು ಮೊದಲು ನೋಡುತ್ತದೆ. ಆದ್ದರಿಂದ ಪ್ಲೇಬುಕ್ಕನ್ನು ಹತ್ತು ಸಲ ಓಡಿಸಿದರೂ ಹೆದರಿಕೆಯಿಲ್ಲ. ಹೆದರಿಕೆಯಿಲ್ಲದ ಕಾರಣ ನಾನು ಅದನ್ನು ಮತ್ತೆ ಮತ್ತೆ ಓಡಿಸುತ್ತೇನೆ. ಹೀಗಾಗಿ ಪಟ್ಟಿಯೂ ಯಂತ್ರವೂ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ. ಸ್ಕ್ರಿಪ್ಟ್ ಬರೆದಿಟ್ಟು ವರ್ಷಗಟ್ಟಲೆ ಮುಟ್ಟದೆ, ಬೇಕಾದ ದಿನ ಅದು ಕೆಲಸಕ್ಕೆ ಬಾರದೆ ಹೋದ ಅನುಭವ ನನ್ನೊಬ್ಬನದೇ ಅಲ್ಲ ಎಂದುಕೊಂಡಿದ್ದೇನೆ.

ಟರ್ಮಿನಲ್‌ನಲ್ಲಿ ಅದು ಓಡುವುದನ್ನು ನೋಡುವುದೇ ಒಂದು ಸಮಾಧಾನ. ಪ್ಲೇಬುಕ್ಕಿನ ಪ್ರತಿ ಟಾಸ್ಕಿಗೂ (ಒಂದೊಂದು ಹೆಜ್ಜೆಗೂ) ನಾವು ಇಟ್ಟ ಹೆಸರು ಒಂದು ಸಾಲಿನಲ್ಲಿ ಬರುತ್ತದೆ. ಅದರ ಕೆಳಗೆ ಬದಲಾವಣೆ ಬೇಕಿರದಿದ್ದರೆ ಹಸಿರು, ಬದಲಾಯಿಸಿದ್ದರೆ ಹಳದಿ, ಸೋತರೆ ಕೆಂಪು. ಕೊನೆಯಲ್ಲಿ ಒಂದೇ ಸಾಲಿನ ಲೆಕ್ಕ. ಎರಡನೆಯ ಸಲ ಓಡಿಸಿದಾಗ ‘ಚೇಂಜ್ಡ್’ ಎಂಬುದರ ಮುಂದೆ 0 ಬಂದರೆ ಪ್ಲೇಬುಕ್ ಸರಿಯಾಗಿ ಬರೆದಿದ್ದೇವೆ ಎಂದರ್ಥ. ಈ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು ಎಂಬುದು ನನಗೆ ತಡವಾಗಿ ಹೊಳೆಯಿತು. ಕಡತ ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8ರಲ್ಲಿ ಇರುವುದರಿಂದ ಯಾವ ಅಡ್ಡಿಯೂ ಇಲ್ಲ. ‘ಕನ್ನಡ ಫಾಂಟ್‌ಗಳನ್ನು ಹಾಕು’, ‘ಅಂಗಡಿಯ ಪ್ರಿಂಟರಿಗೆ ಡ್ರೈವರ್’, ‘ಕೆಜಿಪಿ ಕೀಲಿಮಣೆ’ ಎಂದೆಲ್ಲ ಬರೆದ ಮೇಲೆ ತಮ್ಮನೂ ಪರದೆ ನೋಡಿ ಯಾವುದು ಕೆಂಪಾಗಿದೆ ಎಂದು ಫೋನಿನಲ್ಲಿ ಹೇಳತೊಡಗಿದ. ಗ್ನೋಮ್ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದು ಟರ್ಮಿನಲ್‌ನ ದೋಷ, ಆನ್ಸಿಬಲ್‌ನದಲ್ಲ, ಆದರೂ ಮನಸ್ಸಿಗೆ ಕಿರಿಕಿರಿ.

ಈಗ ನನ್ನನ್ನು ಹೆಚ್ಚು ದಣಿಸಿದ ವಿಷಯಕ್ಕೆ ಬರುತ್ತೇನೆ. ಪ್ಯಾಕೇಜ್ ಹಾಕಲು ರೂಟ್, ಅಂದರೆ ಯಂತ್ರದ ಮೇಲ್ವಿಚಾರಕ ಖಾತೆಯ, ಅಧಿಕಾರ ಬೇಕು. ಅದಕ್ಕೆ ‘ಬಿಕಮ್’ ಎಂಬ ಸಾಲು ಇದೆ. ನಾನು ಅದನ್ನು ಪ್ಲೇಬುಕ್ಕಿನ ತಲೆಯಲ್ಲೇ ಬರೆದಿದ್ದೆ, ಅಂದರೆ ಎಲ್ಲ ಟಾಸ್ಕ್‌ಗಳೂ ರೂಟ್ ಆಗಿ ನಡೆಯುತ್ತಿದ್ದವು. ಡೆಸ್ಕ್‌ಟಾಪಿನ ಸೆಟ್ಟಿಂಗುಗಳನ್ನು ಬದಲಾಯಿಸುವ ಡೀಕಾನ್ಫ್ ಮಾಡ್ಯೂಲಿನಿಂದ ಇನ್‌ಪುಟ್ ಮೂಲಗಳ (ಕೀಲಿಮಣೆಗಳ) ಪಟ್ಟಿಗೆ ಕನ್ನಡ ಕೆಜಿಪಿಯನ್ನು ಸೇರಿಸುವ ಟಾಸ್ಕ್ ಮೊದಲ ಸಲ ಹಳದಿಯಾಗಿ ಬಂತು, ಎರಡನೆಯ ಸಲ ಹಸಿರಾಗಿ ಬಂತು, ದೋಷದ ಸೂಚನೆ ಒಂದೂ ಇಲ್ಲ. ಆದರೆ ಕೀಲಿಮಣೆ ಮಾತ್ರ ಇಂಗ್ಲಿಷ್ ಬಿಟ್ಟು ಕದಲಲಿಲ್ಲ. ಲಾಗ್‌ಔಟ್ ಆದೆ, ಯಂತ್ರವನ್ನೇ ಮರಳಿ ಆರಂಭಿಸಿದೆ, ಉದ್ಧರಣ ಚಿಹ್ನೆಗಳನ್ನು ತಿದ್ದಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ಕಾರಣ ಹೊಳೆಯಿತು: ಆ ಸೆಟ್ಟಿಂಗು ಪ್ರಾಮಾಣಿಕವಾಗಿ ಬದಲಾಗಿತ್ತು, ಆದರೆ ನನ್ನ ಖಾತೆಯಲ್ಲಲ್ಲ, ರೂಟ್‌ನ ಖಾತೆಯಲ್ಲಿ. ಆ ಟಾಸ್ಕಿಗೆ ‘ಬಿಕಮ್’ ಬೇಡವೆಂದು ಒಂದು ಸಾಲು ಸೇರಿಸಿದ ಕೂಡಲೇ ಸರಿಹೋಯಿತು. ಸರ್ವರ್‌ಗಳ ಜಗತ್ತಿನಲ್ಲಿ ಬಹುತೇಕ ಕೆಲಸ ರೂಟ್‌ನದೇ ಆಗಿರುವುದರಿಂದ ಅಲ್ಲಿಯ ಮಾದರಿಗಳನ್ನು ನೋಡಿ ಕಲಿಯುವವರಿಗೆ ಈ ಹೊಂಡ ಕಾಣುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಅರ್ಧ ಕೆಲಸ ಯಂತ್ರದ್ದು, ಅರ್ಧ ಕೆಲಸ ಬಳಕೆದಾರರದ್ದು. ಇವೆರಡನ್ನೂ ಮೊದಲ ದಿನವೇ ಬೇರೆ ಬೇರೆ ಕಡತಗಳಲ್ಲಿ ಇಡಬೇಕೆಂದು ಒತ್ತಿ ಹೇಳುತ್ತೇನೆ.

ಮೂರು ಬೇರೆ ಡಿಸ್ಟ್ರೊಗಳಿರುವ ಮನೆಯಲ್ಲಿ ಇನ್ನೊಂದು ತೊಡಕಿದೆ. ಎಲ್ಲಕ್ಕೂ ಸಲ್ಲುವ ‘ಪ್ಯಾಕೇಜ್’ ಎಂಬ ಮಾಡ್ಯೂಲು ಪ್ಯಾಕೇಜ್ ಹಾಕಲು ಡೆಬಿಯನ್ ಕಂಡರೆ ಅದರ ಸಾಧನವಾದ ಆಪ್ಟ್ ಅನ್ನೂ ಫೆಡೋರಾ ಕಂಡರೆ ಅದರ ಡಿಎನ್ಎಫ್ ಅನ್ನೂ ತಾನೇ ಆರಿಸಿಕೊಳ್ಳುತ್ತದೆ, ನಿಜ. ಆದರೆ ಪ್ಯಾಕೇಜಿನ ಹೆಸರನ್ನು ಅದು ಅನುವಾದಿಸುವುದಿಲ್ಲ. ಲೋಹಿತ್ ಕನ್ನಡ ಫಾಂಟು ಡೆಬಿಯನ್‌ನಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’, ಫೆಡೋರಾದಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’. ಟೆಸರಾಕ್ಟ್‌ನ ಕನ್ನಡ ದತ್ತಾಂಶ ಒಂದರಲ್ಲಿ ‘ಒಸಿಆರ್-ಕನ್’, ಇನ್ನೊಂದರಲ್ಲಿ ‘ಲ್ಯಾಂಗ್‌ಪ್ಯಾಕ್-ಕನ್’. ಫೈರ್‌ಫಾಕ್ಸ್ ಡೆಬಿಯನ್‌ನಲ್ಲಿ ಇಎಸ್ಆರ್ ಹೆಸರಿನಲ್ಲಿದ್ದರೆ, ಉಬುಂಟುವಿನಲ್ಲಿ ‘ಫೈರ್‌ಫಾಕ್ಸ್’ ಎಂಬ ಪ್ಯಾಕೇಜು ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜಿನ ಕಡೆಗೆ ಕೈ ತೋರಿಸುತ್ತದೆ. ಪ್ರತಿ ಡಿಸ್ಟ್ರೊಗೂ ಒಂದೊಂದು ಹೆಸರಿನ ಪಟ್ಟಿ ಇಟ್ಟು, ಯಂತ್ರ ಯಾವುದೆಂದು ನೋಡಿ ಅದಕ್ಕೆ ತಕ್ಕ ಪಟ್ಟಿ ಓದುವಂತೆ ಮಾಡಿಕೊಂಡಿದ್ದೇನೆ. ಒಂದೇ ಡಿಸ್ಟ್ರೊ ಇರುವವರಿಗೆ ಈ ತಲೆನೋವೇ ಇಲ್ಲ.

ಪ್ಯಾಕೇಜ್ ರೂಪದಲ್ಲಿ ಸಿಗದ ಫಾಂಟ್‌ಗಳು ಅಂಗಡಿಗೆ ಬೇಕಾಗುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಹಿಡಿದುಕೊಂಡು ಬರುವ ಗಿರಾಕಿಗಳು ಇಂದಿಗೂ ಇದ್ದಾರೆ. ಇಂಥ ಫಾಂಟ್‌ಗಳನ್ನು ಕಾಪಿ ಮಾಡ್ಯೂಲಿನಿಂದ ಜಾಗಕ್ಕೆ ಸೇರಿಸಿ, ಫಾಂಟ್ ಸಂಗ್ರಹವನ್ನು ಹೊಸದಾಗಿಸುವ ಕೆಲಸವನ್ನು ಹ್ಯಾಂಡ್ಲರ್‌ಗೆ ವಹಿಸಿದ್ದೇನೆ. ಹ್ಯಾಂಡ್ಲರ್ ಎಂದರೆ ಮೇಲಿನ ಟಾಸ್ಕಿನಲ್ಲಿ ಏನಾದರೂ ಬದಲಾದಾಗ ಮಾತ್ರ ಎಚ್ಚರವಾಗುವ ಕೆಲಸ. ಬಹಳ ಅಚ್ಚುಕಟ್ಟಾದ ಏರ್ಪಾಡು.

ಕಲಿಯಲು ಬೇಕಾದ ಶ್ರಮವನ್ನು ಮುಚ್ಚಿಡಲಾರೆ. ಮೊದಲ ಪ್ಲೇಬುಕ್ಕಿಗೆ ಸಂಜೆಯ ಹೊತ್ತಿನಲ್ಲಿ ಕುಳಿತು ಒಂದು ವಾರ ಹಿಡಿಯಿತು. ಪ್ಲೇಬುಕ್ ಬರೆಯುವ ಯಾಮಲ್ ಎಂಬ ಬರವಣಿಗೆಯಲ್ಲಿ ಎಡಗಡೆಯ ಜಾಗವೇ ವ್ಯಾಕರಣ. ಅಲ್ಲಿ ಟ್ಯಾಬ್ ಒತ್ತಿದರೆ ಕಡತವನ್ನೇ ಓದಲೊಲ್ಲದು, ಸ್ಪೇಸ್‌ಗಳನ್ನೇ ಬಳಸಬೇಕು. ಅರವತ್ತು ಪ್ಯಾಕೇಜ್‌ಗಳನ್ನು ಲೂಪ್‌ನಲ್ಲಿ ಒಂದೊಂದಾಗಿ ಹಾಕಲು ಬರೆದಿದ್ದೆ, ಅದು ಆಮೆಯಂತೆ ನಡೆಯಿತು. ಇಡೀ ಪಟ್ಟಿಯನ್ನು ಒಂದೇ ಟಾಸ್ಕಿಗೆ ಕೊಟ್ಟಾಗ ಆಪ್ಟ್ ಎಲ್ಲವನ್ನೂ ಒಂದೇ ಸಲ ಇಳಿಸಿಕೊಂಡು ಹಾಕಿತು. ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿವೆ. ಅವು ವಿವರವಾಗಿವೆ, ಉದಾಹರಣೆಗಳೂ ಚೆನ್ನಾಗಿವೆ, ಆದರೆ 2020ರಲ್ಲಿ ಮಾಡ್ಯೂಲುಗಳನ್ನು ಕಲೆಕ್ಷನ್ ಎಂಬ ಬೇರೆ ಬೇರೆ ಗುಂಪುಗಳಿಗೆ ಹಂಚಿದ ಮೇಲೆ ಹಳೆಯ ಲೇಖನಗಳಲ್ಲಿರುವ ಚಿಕ್ಕ ಹೆಸರುಗಳಿಗೂ ಇಂದಿನ ಉದ್ದ ಹೆಸರುಗಳಿಗೂ ನಡುವೆ ಹೊಸಬರು ಗೊಂದಲಕ್ಕೆ ಬೀಳುತ್ತಾರೆ.

ನಮ್ಮ ಕಡೆಯ ಬೇಸಿಗೆಯಲ್ಲಿ ಕರೆಂಟು ಹೇಳದೆ ಹೋಗುತ್ತದೆ. ಒಮ್ಮೆ ಪುಟಗಳನ್ನು ಅಚ್ಚಿಗೆ ಜೋಡಿಸುವ ಟೆಕ್ ಲೈವ್‌ನ ದೊಡ್ಡ ಪ್ಯಾಕೇಜುಗಳು ಇಳಿಯುತ್ತಿರುವಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯಿತು, ರೌಟರ್ ಆರಿಹೋಯಿತು, ಟಾಸ್ಕ್ ಕೆಂಪಾಗಿ ನಿಂತಿತು. ಕರೆಂಟು ಬಂದ ಮೇಲೆ ಅದೇ ಆದೇಶವನ್ನು ಮತ್ತೆ ಕೊಟ್ಟೆ; ಮುಗಿದ ಟಾಸ್ಕ್‌ಗಳು ಹಸಿರಾಗಿ ಸರಸರನೆ ದಾಟಿ, ನಿಂತಲ್ಲಿಂದಲೇ ಕೆಲಸ ಮುಂದುವರಿಯಿತು. ಆದರೆ ಅಂಗಡಿಯ ಡೆಸ್ಕ್‌ಟಾಪ್ ಪ್ಯಾಕೇಜ್ ಹಾಕುವ ನಡುವೆಯೇ ಆರಿಹೋದಾಗ ಇದು ಸಾಲಲಿಲ್ಲ. ಅರ್ಧಕ್ಕೆ ನಿಂತ ಡಿಪಿಕೆಜಿಯನ್ನು (ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ಸಾಧನ) ಕೈಯಾರೆ ಸರಿಪಡಿಸಿ ಆಮೇಲೆ ಓಡಿಸಬೇಕಾಯಿತು. ಯುಪಿಎಸ್ ಇಲ್ಲದ ಯಂತ್ರದ ಮೇಲೆ ಮೊದಲ ಓಟ ಬೇಡ.

ಒಂದು ಕೊರತೆ ನನಗೆ ಈಗಲೂ ಒಪ್ಪಿಗೆಯಾಗಿಲ್ಲ. ಪಟ್ಟಿಯಿಂದ ಒಂದು ಹೆಸರು ತೆಗೆದರೆ ಯಂತ್ರದಿಂದ ಆ ಪ್ಯಾಕೇಜ್ ಹೋಗುವುದಿಲ್ಲ. ಅದು ಇರಬಾರದು ಎಂದು ‘ಆಬ್ಸೆಂಟ್’ ಸ್ಥಿತಿಯಲ್ಲಿ ಪ್ರತ್ಯೇಕವಾಗಿ ಬರೆಯಬೇಕು. ಹಾಗೆಯೇ ನಡುವೆ ಕೈಯಾರೆ ಹಾಕಿಕೊಂಡ ಪ್ಯಾಕೇಜುಗಳ ಸುದ್ದಿ ಆನ್ಸಿಬಲ್‌ಗೆ ತಿಳಿಯುವುದೇ ಇಲ್ಲ. ಹೀಗಾಗಿ ತಿಂಗಳಿಗೊಮ್ಮೆ ಆಪ್ಟ್-ಮಾರ್ಕ್ ಎಂಬ ಆದೇಶದಿಂದ ಕೈಯಾರೆ ಹಾಕಿದ ಪ್ಯಾಕೇಜುಗಳ ಪಟ್ಟಿ ತೆಗೆದು ಪ್ಲೇಬುಕ್ಕಿನೊಂದಿಗೆ ಹೋಲಿಸುತ್ತೇನೆ. ನಿಕ್ಸ್‌ಒಎಸ್ ಎಂಬ ಇನ್ನೊಂದು ಡಿಸ್ಟ್ರೊದಲ್ಲಿ ಈ ಕೊರತೆ ಇಲ್ಲ: ಅಲ್ಲಿ ಇಡೀ ವ್ಯವಸ್ಥೆಯೇ ಒಂದು ಸಂರಚನಾ ಕಡತದಿಂದ ಹುಟ್ಟುತ್ತದೆ, ಕೆಟ್ಟರೆ ಬೂಟ್ ಮೆನುವಿನಿಂದ ಹಿಂದಿನ ರೂಪಕ್ಕೆ ಮರಳಬಹುದು. ಆದರೆ ಅದಕ್ಕಾಗಿ ಮೂರು ಯಂತ್ರಗಳ ಡಿಸ್ಟ್ರೊವನ್ನೂ ಬಿಟ್ಟು ಹೋಗಬೇಕು, ತಮ್ಮನಿಗೆ ಎಲ್ಲವನ್ನೂ ಹೊಸದಾಗಿ ಹೇಳಿಕೊಡಬೇಕು. ನಾನು ಅದಕ್ಕೆ ಸಿದ್ಧನಿಲ್ಲ. ಡೆಬಿಯನ್‌ನ ಪ್ರಿಸೀಡ್, ಫೆಡೋರಾದ ಕಿಕ್‌ಸ್ಟಾರ್ಟ್, ಉಬುಂಟುವಿನ ಆಟೊಇನ್‌ಸ್ಟಾಲ್ ಇವೆಲ್ಲ ಅಳವಡಿಕೆಯ ಹೊತ್ತಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ, ಆಮೇಲಿನ ದಿನಗಳಿಗೆ ಒದಗುವುದಿಲ್ಲ.

ಗುಪ್ತಪದಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಗಿಟ್ ಭಂಡಾರ ಎಲ್ಲರಿಗೂ ತೆರೆದಿದ್ದರೆ ಮನೆಯ ವೈಫೈ ಗುಪ್ತಪದವನ್ನು ಪ್ಲೇಬುಕ್ಕಿನಲ್ಲಿ ಬರೆಯುವುದು ಬಾಗಿಲಿಗೆ ಕೀಲಿಕೈ ನೇತುಹಾಕಿದಂತೆ. ಆನ್ಸಿಬಲ್ ವಾಲ್ಟ್ ಅಂಥ ಕಡತಗಳನ್ನು ಎಇಎಸ್-256 ಕ್ರಮದಲ್ಲಿ ಗೂಢಲಿಪಿಗೆ ತಿರುಗಿಸುತ್ತದೆ. ಓಡಿಸುವಾಗ ವಾಲ್ಟ್‌ನ ಒಂದು ಗುಪ್ತಪದ ಕೊಟ್ಟರೆ ಸಾಕು.

ನಿಜವಾದ ಪರೀಕ್ಷೆ ನಡೆದದ್ದು ತಮ್ಮನು ಅಂಗಡಿಗೆ ಹೊಸ ಡೆಸ್ಕ್‌ಟಾಪ್ ತಂದ ದಿನ. ಉಬುಂಟು ಹಾಕಿ, ಎರಡು ಆದೇಶ ಕೊಟ್ಟು, ನಾವಿಬ್ಬರೂ ಊಟಕ್ಕೆ ಮನೆಗೆ ಹೋದೆವು. ರೊಟ್ಟಿ ಊಟ ಮುಗಿಸಿ ಮರಳಿ ಬಂದಾಗ ಇಂಕ್‌ಸ್ಕೇಪ್, ಸ್ಕ್ರೈಬಸ್, ಫಾಂಟ್‌ಗಳು, ಪ್ರಿಂಟರ್ ಡ್ರೈವರ್ ಎಲ್ಲ ಕುಳಿತಿದ್ದವು. ಒಂದು ಟಾಸ್ಕ್ ಮಾತ್ರ ಕೆಂಪಾಗಿತ್ತು: ಉಬುಂಟು ತಾನಾಗಿ ನಡೆಸುವ ಅಪ್‌ಡೇಟು ಡಿಪಿಕೆಜಿಯ ಬೀಗವನ್ನು ಹಿಡಿದುಕೊಂಡಿತ್ತು, ಆನ್ಸಿಬಲ್ ತನ್ನ ಅರವತ್ತು ಸೆಕೆಂಡು ಕಾದು ಕೈಬಿಟ್ಟಿತ್ತು. ಮತ್ತೊಮ್ಮೆ ಓಡಿಸಿದೆವು. ಲಾಗ್‌ಔಟ್ ಆಗಿ ಬಂದ ಮೇಲೆ ತಮ್ಮನು ಕೆಜಿಪಿಯಲ್ಲಿ ಮದುವೆಯ ಆಮಂತ್ರಣವೊಂದನ್ನು ಟೈಪ್ ಮಾಡತೊಡಗಿದ. ಆ ಕಾಯುವ ಅವಧಿಯನ್ನು ಈಗ ಹತ್ತು ನಿಮಿಷಕ್ಕೆ ಏರಿಸಿದ್ದೇನೆ.

ಒಂದೇ ಕಂಪ್ಯೂಟರು, ಅದರಲ್ಲಿ ಹತ್ತು ಹನ್ನೆರಡು ಪ್ಯಾಕೇಜುಗಳು ಇರುವವರು ಇದನ್ನು ಕಲಿಯುವ ಬದಲು ಒಂದು ಹಾಳೆಯಲ್ಲಿ ಹೆಸರು ಬರೆದಿಟ್ಟುಕೊಂಡರೆ ಸಾಕಾದೀತು. ಎರಡಕ್ಕಿಂತ ಹೆಚ್ಚು ಯಂತ್ರಗಳನ್ನು ನೋಡಿಕೊಳ್ಳುವವರು, ಅದರಲ್ಲೂ ಕನ್ನಡ ಟೈಪಿಂಗ್ ಮತ್ತು ಮುದ್ರಣದ ಕೆಲಸವಿರುವವರು, ಖಂಡಿತ ಬಳಸಬೇಕು. ಶುರು ಮಾಡುವವರು ಎಲ್ಲವನ್ನೂ ಒಮ್ಮೆಗೇ ಬರೆಯಲು ಹೋಗದೆ ಐದು ಪ್ಯಾಕೇಜುಗಳ ಒಂದು ಟಾಸ್ಕ್ ಬರೆದು, ಮೊದಲು ‘ಚೆಕ್’ ಆಯ್ಕೆಯೊಂದಿಗೆ ಓಡಿಸಿ ಏನಾಗಲಿದೆ ಎಂದು ನೋಡಿ, ಆಮೇಲೆ ನಿಜವಾಗಿ ಓಡಿಸಲಿ. ಕೀಲಿಮಣೆಯ ಟಾಸ್ಕ್ ಬರೆಯುವ ದಿನ ‘ಬಿಕಮ್’ ಸಾಲನ್ನು ಎರಡು ಸಲ ನೋಡಿಕೊಳ್ಳಲಿ.