ಹೆಸರು ಅದೇ, ನೆಲ ಬೇರೆ: ದಕ್ಷಿಣ ಮುಂಬಯಿಯ ಮತಲೆಕ್ಕ ಹುಡುಕುವವರಿಗೆ ಚುನಾವಣಾ ಆಯೋಗದ ಅಂಕಿಅಂಶ ಸೇವೆ ಎಷ್ಟು ಉಪಯೋಗ?

ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ್ದು ಎಲ್ಲಿ ಎಂದು ಕೇಳಿದರೆ ಮುಂಬಯಿ ಕನ್ನಡಿಗರು ಥಟ್ಟನೆ ‘ದಕ್ಷಿಣ ಮುಂಬಯಿ’ ಎನ್ನುತ್ತಾರೆ. ಉತ್ತರ ಸರಿ. ಆದರೆ ಆ ದಕ್ಷಿಣ ಮುಂಬಯಿಯೂ 2024ರಲ್ಲಿ ಅರವಿಂದ ಸಾವಂತ್ ಗೆದ್ದ ದಕ್ಷಿಣ ಮುಂಬಯಿಯೂ ಒಂದೇ ನೆಲವಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ‘ಇಷ್ಟು ಮತ ಏರಿತು, ಇಷ್ಟು ಇಳಿಯಿತು’ ಎಂದು ಸಂಘದ ಸ್ಮರಣ ಸಂಚಿಕೆಗೋ ಕಾಲೇಜಿನ ಪ್ರಬಂಧಕ್ಕೋ ಬರೆದರೆ ಲೆಕ್ಕ ಅಲ್ಲೇ ದಾರಿ ತಪ್ಪಿತೆಂದೇ ಅರ್ಥ. ಹಾಗಾಗದಂತೆ ನೋಡಿಕೊಳ್ಳಲು ಬೇಕಾದ ಕಾಗದವೆಲ್ಲ ಪುಕ್ಕಟೆ ಸಿಗುತ್ತದೆ. ಭಾರತ ಚುನಾವಣಾ ಆಯೋಗದ ಜಾಲತಾಣದಲ್ಲಿ ಮೊದಲ ಲೋಕಸಭೆಯಿಂದ ಇಲ್ಲಿಯವರೆಗಿನ ಅಂಕಿಅಂಶ ವರದಿಗಳಿವೆ. ಮಹಾರಾಷ್ಟ್ರದ ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿ ಮತಗಟ್ಟೆವಾರು ಲೆಕ್ಕದ ಫಾರ್ಮ್ 20 ಇದೆ. ಈ ಬರಹ ಆ ಸೇವೆಯ ವಿಮರ್ಶೆ. ತೀರ್ಪನ್ನು ಮೊದಲೇ ಹೇಳುವುದಾದರೆ, ಸರಕು ಅಪ್ಪಟ, ಅದನ್ನು ಓದುವ ಬಗೆಯನ್ನು ಮಾತ್ರ ನೀವೇ ಕಲಿಯಬೇಕು.

ಮೊದಲು ಏನೇನು ಸಿಗುತ್ತದೆ ನೋಡಿ. ಹಳೆಯ ವರದಿಗಳು ಸಾಮಾನ್ಯವಾಗಿ ಎರಡು ಸಂಪುಟ. ಮೊದಲನೆಯದರಲ್ಲಿ ದೇಶ ಮತ್ತು ರಾಜ್ಯ ಮಟ್ಟದ ಸಾರಾಂಶ, ಪಕ್ಷಗಳ ಸಂಕ್ಷಿಪ್ತ ಹೆಸರು, ಅಭ್ಯರ್ಥಿವಾರು ಫಲಿತಾಂಶ. ಎರಡನೆಯದರಲ್ಲಿ ಒಂದೊಂದು ಕ್ಷೇತ್ರದ ಸಾರಾಂಶ. ಹೆಚ್ಚಿನವರು ಗೆದ್ದವರು, ಸೋತವರು, ಅಂತರ ಇಷ್ಟನ್ನು ಬರೆದುಕೊಂಡು ಕಿಟಕಿ ಮುಚ್ಚಿಬಿಡುತ್ತಾರೆ. ನಿಜವಾದ ಬೆಲೆ ಇರುವುದು ಎರಡನೆಯ ಸಂಪುಟಕ್ಕೆ. ಎಷ್ಟು ಜನ ನಾಮಪತ್ರ ಸಲ್ಲಿಸಿದರು, ಎಷ್ಟು ತಿರಸ್ಕಾರವಾಯಿತು, ಎಷ್ಟು ಜನ ಹಿಂದೆ ಸರಿದರು, ಕಣದಲ್ಲಿ ಉಳಿದವರೆಷ್ಟು, ಠೇವಣಿ ಕಳೆದುಕೊಂಡವರೆಷ್ಟು, ಪುರುಷ ಮತ್ತು ಮಹಿಳಾ ಮತದಾರರೆಷ್ಟು, ಮತಗಟ್ಟೆಗಳೆಷ್ಟು, ಒಂದು ಗಟ್ಟೆಗೆ ಸರಾಸರಿ ಎಷ್ಟು ಮತದಾರರು, ಎಲ್ಲವೂ ಒಂದೇ ಹಾಳೆಯಲ್ಲಿ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ನೋಟಾ ಮತ ಈ ಲೆಕ್ಕಕ್ಕೆ ಸೇರುವುದಿಲ್ಲ. ಲೋಕಸಭೆಗೆ ನೋಟಾ ಬಂದದ್ದು 2014ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನ ಪಟ್ಟಿಗಳಲ್ಲಿ ಆ ಸಾಲನ್ನು ಹುಡುಕಬೇಡಿ.

ಇನ್ನು ಮುಖ್ಯ ವಿಷಯ, ಗಡಿ. ಕ್ಷೇತ್ರ ಮರುವಿಂಗಡಣೆಯ ಆದೇಶ ಬದಲಾದಾಗಲೆಲ್ಲ ಹಳೆಯ ಹೆಸರು ಹೊಸ ನೆಲಕ್ಕೆ ಅಂಟಿಕೊಳ್ಳುತ್ತದೆ. ಲೆಕ್ಕ ಬರೆಯುವಾಗ 1952 ಒಂದು ಕಾಲ, 1957 ಇನ್ನೊಂದು, 1962 ಮತ್ತೊಂದು. 1967 ಮತ್ತು 1971 ಸೇರಿ ಒಂದು. 1977ರಿಂದ 2004ರವರೆಗೆ ಒಂದು ಉದ್ದನೆಯ ಕಾಲ. 2009ರಿಂದ ಈಗಿನದು. ಒಂದೇ ಕಾಲದೊಳಗಿನ ಹೋಲಿಕೆಗೆ ಮಾತ್ರ ಅರ್ಥವಿದೆ.

ಇದು ಕಣ್ಣಿಗೆ ಕಾಣಬೇಕೆಂದರೆ 2004 ಮತ್ತು 2009ರ ಪಟ್ಟಿಗಳನ್ನು ತೆರೆಯಿರಿ. 2004ರಲ್ಲಿ ಕಾಂಗ್ರೆಸ್ಸಿನ ಮಿಲಿಂದ್ ದೇವರಾ ಬಿಜೆಪಿಯ ಜಯವಂತಿಬೆನ್ ಮೆಹ್ತಾ ಅವರನ್ನು ಹತ್ತು ಸಾವಿರದಷ್ಟು ಮತಗಳಿಂದ ಸೋಲಿಸಿದರು. ದೇವರಾ ಅವರಿಗೆ ಬಂದದ್ದು ಸುಮಾರು 1.38 ಲಕ್ಷ ಮತ. 2009ರಲ್ಲಿ ಅದೇ ದೇವರಾ, ಅದೇ ಹೆಸರಿನ ಕ್ಷೇತ್ರ, ಮತ 2,72,411. ಐದೇ ವರ್ಷದಲ್ಲಿ ಜನಪ್ರಿಯತೆ ಇಮ್ಮಡಿಯಾಯಿತೆಂದು ಬರೆದರೆ ತಪ್ಪು. ಕ್ಷೇತ್ರವೇ ದೊಡ್ಡದಾಗಿತ್ತು. ಹಳೆಯ ದಕ್ಷಿಣ ಮುಂಬಯಿ ಕೊಲಾಬಾ, ಮುಂಬಾದೇವಿ, ಮಲಬಾರ್ ಹಿಲ್ ಸುತ್ತಮುತ್ತಲಿನ ತುದಿಯ ಪ್ರದೇಶ. ಈಗಿನದರಲ್ಲಿ ಅವುಗಳ ಜೊತೆಗೆ ವರ್ಲಿ, ಶಿವಡಿ, ಬೈಕುಲಾ ಸೇರಿ ಒಟ್ಟು ಆರು ವಿಧಾನಸಭಾ ಕ್ಷೇತ್ರಗಳಿವೆ. ಅಂದರೆ ಮಿಲ್ಲು ಕಾರ್ಮಿಕರ ಗಿರಣಗಾಂವ್‌ನ ದೊಡ್ಡ ಭಾಗ ಇಲ್ಲಿಗೆ ಬಂತು. 1984ರಲ್ಲಿ ದತ್ತಾ ಸಾಮಂತರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದ್ದ ಆ ಪ್ರದೇಶ ಆಗ ದಕ್ಷಿಣ ಮಧ್ಯ ಮುಂಬಯಿಯಲ್ಲಿತ್ತು.

ಇದಕ್ಕೆ ಸಾಕ್ಷಿ 2009ರ ಅಭ್ಯರ್ಥಿ ಪಟ್ಟಿಯಲ್ಲೇ ಇದೆ. ಎರಡನೆಯ ಸ್ಥಾನದಲ್ಲಿ ಮನಸೆಯ (ಮಹಾರಾಷ್ಟ್ರ ನವನಿರ್ಮಾಣ ಸೇನೆ) ಬಾಳಾ ನಾಂದಗಾಂವ್ಕರ್, 1,59,729 ಮತ. ಮೂರನೆಯ ಸ್ಥಾನದಲ್ಲಿ ಶಿವಸೇನೆಯ ಮೋಹನ ರಾವಲೆ, 1,46,118. ರಾವಲೆ 1991ರಿಂದಲೂ ದಕ್ಷಿಣ ಮಧ್ಯದ ಸಂಸದರಾಗಿದ್ದವರು, ಅವರ ಕ್ಷೇತ್ರ ಇಲ್ಲಿ ಕರಗಿದ್ದರಿಂದ ಇಲ್ಲಿ ನಿಂತರು. ಎರಡೂ ಸೇನೆಗಳ ಮತ ಕೂಡಿಸಿದರೆ 3,05,847, ದೇವರಾ ಅವರದಕ್ಕಿಂತ 33,436 ಹೆಚ್ಚು. ಪಟ್ಟಿಯನ್ನು ನಿಧಾನವಾಗಿ ಓದಿದರೆ ಸಿಗುವ ಫಲ ಇದು. 1,12,682 ಮತಗಳ ಅಂತರವನ್ನಷ್ಟೇ ಬರೆದುಕೊಂಡವರಿಗೆ ಇದು ಕಾಣುವುದೇ ಇಲ್ಲ.

‘ದಕ್ಷಿಣ ಮಧ್ಯ ಮುಂಬಯಿ’ ಎಂಬ ಹೆಸರು ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಆ ಹೆಸರು ಉಳಿಯಿತು, ನೆಲ ಉತ್ತರಕ್ಕೆ ಸರಿಯಿತು. ಧಾರಾವಿ, ಮಾಹಿಮ್, ದಾದರ್, ನಮ್ಮವರು ದಟ್ಟವಾಗಿರುವ ಮಾಟುಂಗಾ ಇವೆಲ್ಲ 2004ರವರೆಗೆ ಉತ್ತರ ಮಧ್ಯದಲ್ಲಿದ್ದವು. ಏಕನಾಥ ಗಾಯಕವಾಡ್ 2004ರಲ್ಲಿ ಮನೋಹರ ಜೋಶಿಯವರನ್ನು ಸೋಲಿಸಿದ್ದು ಉತ್ತರ ಮಧ್ಯದಲ್ಲಿ, 2009ರಲ್ಲಿ ಗೆದ್ದದ್ದು ದಕ್ಷಿಣ ಮಧ್ಯದಲ್ಲಿ. ಅವರು ಊರು ಬಿಟ್ಟು ಹೋಗಿರಲಿಲ್ಲ, ಹಲಗೆ ಬದಲಾಗಿತ್ತು. ಮಾಟುಂಗಾದ ಚುನಾವಣಾ ಇತಿಹಾಸ ಬರೆಯುವವರು ಈ ಎರಡೂ ಹೆಸರುಗಳ ಅಡಿಯಲ್ಲಿ ಹುಡುಕಲೇಬೇಕು.

ಈ ಕೊಂಡಿಯನ್ನು ಅಂಕಿಅಂಶ ವರದಿ ತಾನಾಗಿ ಹೇಳಿಕೊಡುವುದಿಲ್ಲ, ಇದೇ ಈ ಸೇವೆಯ ಅತಿ ದೊಡ್ಡ ಕೊರತೆ. ಹಾಗಾಗಿ 2008ರ ಮರುವಿಂಗಡಣೆ ಆದೇಶವನ್ನು ಬೇರೆಯಾಗಿ ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳಿ. ಕ್ಷೇತ್ರದ ಸಂಖ್ಯೆ ಹಿಡಿದು ಹುಡುಕಲೂ ಹೋಗಬೇಡಿ. ದಕ್ಷಿಣ ಮುಂಬಯಿ 31, ದಕ್ಷಿಣ ಮಧ್ಯ 30 ಎಂಬುದು ಈಗಿನ ಆದೇಶದ ಎಣಿಕೆ ಮಾತ್ರ.

1952ರ ವರದಿಗೆ ಇನ್ನೊಂದು ಎಚ್ಚರಿಕೆ ಬೇಕು. ಆಗ ಮಹಾರಾಷ್ಟ್ರ ಇರಲಿಲ್ಲ, ‘ಬಾಂಬೆ’ ರಾಜ್ಯದ ಅಡಿಯಲ್ಲಿ ನೋಡಬೇಕು. ಆ ಪಟ್ಟಿಯಲ್ಲಿ ಮುಂಬಯಿಯ ಜೊತೆಗೇ ಧಾರವಾಡ, ಬೆಳಗಾವಿ, ಬಿಜಾಪುರ, ಕೆನರಾ ಕ್ಷೇತ್ರಗಳೂ ಇವೆ. ಕನ್ನಡಿಗರು ಆ ಪುಟಗಳನ್ನು ಒಮ್ಮೆಯಾದರೂ ನೋಡಬೇಕು. 1957ರ ಹೊತ್ತಿಗೆ ಅವು ಮೈಸೂರು ರಾಜ್ಯದ ಪಟ್ಟಿಗೆ ಬಂದಿವೆ. ಇದಲ್ಲದೆ ಆಗ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವು. ಡಾ. ಬಿ. ಆರ್. ಅಂಬೇಡ್ಕರ್ ಸೋತ ‘ಬಾಂಬೆ ಸಿಟಿ ನಾರ್ತ್’ ಅಂಥದ್ದು. ನಾರಾಯಣ ಕಾಜ್ರೋಳ್ಕರ್ 1,38,137, ಅಂಬೇಡ್ಕರ್ 1,23,576. ಅಲ್ಲಿ ಒಬ್ಬ ಮತದಾರನಿಗೆ ಎರಡು ಮತ. ಆದ್ದರಿಂದ ಬಿದ್ದ ಮತಗಳನ್ನು ಮತದಾರರ ಸಂಖ್ಯೆಯಿಂದ ಭಾಗಿಸಿ ಶೇಕಡಾವಾರು ಮತದಾನ ಎಂದು ಬರೆದರೆ ಲೆಕ್ಕ ಕೆಡುತ್ತದೆ. ಇಬ್ಬರು ಸದಸ್ಯರ ಪದ್ಧತಿ 1961ರ ಕಾಯ್ದೆಯಿಂದ ರದ್ದಾಯಿತು, 1962ರಿಂದ ಈ ತೊಡಕಿಲ್ಲ.

ಪಕ್ಷದ ಸಂಕ್ಷಿಪ್ತ ಹೆಸರುಗಳೂ ಹಾಗೆಯೇ ಎಡವಿಸುತ್ತವೆ. 1977ರಲ್ಲಿ ರತನ್‌ಸಿಂಹ ರಾಜ್ದಾ ಗೆದ್ದದ್ದು ಜನತಾ ಪಕ್ಷದಿಂದ ಎಂದು ಎಲ್ಲರೂ ಬಲ್ಲರು, ವರದಿಯಲ್ಲಿ ಕಾಣುವುದು ಬಿಎಲ್‌ಡಿ. ಜನತಾ ಪಕ್ಷ ಆ ವರ್ಷ ಭಾರತೀಯ ಲೋಕದಳದ ಚಿಹ್ನೆಯ ಮೇಲೆ ಸ್ಪರ್ಧಿಸಿದ್ದೇ ಕಾರಣ. 1980ರ ಕಾಂಗ್ರೆಸ್ಸಿಗೆ ಇಂದಿರಾ ಹೆಸರಿನ ‘ಐ’ ಅಂಟಿರುತ್ತದೆ. ಹತ್ತಿರದ ಉದಾಹರಣೆ ಬೇಕೆಂದರೆ ಅರವಿಂದ ಸಾವಂತರನ್ನೇ ತೆಗೆದುಕೊಳ್ಳಿ. 2014 ಮತ್ತು 2019ರಲ್ಲಿ ಶಿವಸೇನೆ, 2024ರಲ್ಲಿ ಶಿವಸೇನೆ ಉದ್ಧವ್ ಬಾಳಾಸಾಹೇಬ್ ಠಾಕ್ರೆ. 2023ರ ಫೆಬ್ರವರಿಯಲ್ಲಿ ಆಯೋಗ ‘ಶಿವಸೇನೆ’ ಹೆಸರನ್ನೂ ಬಿಲ್ಲುಬಾಣದ ಚಿಹ್ನೆಯನ್ನೂ ಏಕನಾಥ ಶಿಂಧೆ ಬಣಕ್ಕೆ ಕೊಟ್ಟಿತ್ತು. 2024ರಲ್ಲಿ ಸಾವಂತ್ 3,95,655 ಮತ ಪಡೆದು, ಶಿವಸೇನೆಯ ಯಾಮಿನಿ ಜಾಧವ್ ಅವರನ್ನು 52,673 ಮತಗಳಿಂದ ಸೋಲಿಸಿದರು. ಎಕ್ಸೆಲ್‌ನಲ್ಲಿ ಪಕ್ಷದ ಅಂಕಣ ಹಿಡಿದು ವಿಂಗಡಿಸಿದರೆ ‘ಶಿವಸೇನೆ ಸೀಟು ಕಳೆದುಕೊಂಡಿತು’ ಎಂದು ಬರುತ್ತದೆ, ಸಂಸದರು ಮಾತ್ರ ಅವರೇ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಪಕ್ಷಕ್ಕೆ ಎರಡು ಅಂಕಣ ಇಡಿ, ವರದಿಯಲ್ಲಿ ಇದ್ದಂತೆ ಒಂದು, ನಿಮ್ಮ ಟಿಪ್ಪಣಿಗೆ ಒಂದು. ವ್ಯಕ್ತಿಯ ಹೆಸರು ಒಂದು ವರ್ಷ ಅಡ್ಡಹೆಸರಿನಿಂದ, ಇನ್ನೊಂದು ವರ್ಷ ಸ್ವಂತ ಹೆಸರಿನಿಂದ ಶುರುವಾಗಬಹುದು, ಕೈಯಿಂದಲೇ ಸರಿಮಾಡಬೇಕು.

ಉಪಚುನಾವಣೆಗಳು ಸಾರ್ವತ್ರಿಕ ಚುನಾವಣೆಯ ವರದಿಯೊಳಗೆ ಇರುವುದಿಲ್ಲ. 1967ರ ಈಶಾನ್ಯ ಬಾಂಬೆಯ ಪುಟದಲ್ಲಿ ಎಸ್. ಜಿ. ಬರ್ವೆ ಗೆದ್ದಿದ್ದಾರೆ, ವಿ. ಕೆ. ಕೃಷ್ಣ ಮೆನನ್ ಸೋತಿದ್ದಾರೆ. ಬರ್ವೆ ಅದೇ ಮಾರ್ಚ್‌ನಲ್ಲಿ ತೀರಿಕೊಂಡರು. ಉಪಚುನಾವಣೆಯಲ್ಲಿ ಅವರ ಸಹೋದರಿ ತಾರಾ ಸಪ್ರೆ ಮೆನನ್‌ರನ್ನು ಮತ್ತೆ ಸೋಲಿಸಿದರು. ವರದಿಯೊಂದನ್ನೇ ನಂಬಿದರೆ ತಾರಾ ಸಪ್ರೆ ಇತಿಹಾಸದಿಂದಲೇ ಮಾಯ. ಸುನಿಲ್ ದತ್ ನಿಧನದ ನಂತರ 2005ರಲ್ಲಿ ವಾಯವ್ಯ ಮುಂಬಯಿಯಿಂದ ಆಯ್ಕೆಯಾದ ಪ್ರಿಯಾ ದತ್ ಅವರದೂ ಇದೇ ಕಥೆ. ಪ್ರತಿ ಲೋಕಸಭೆಯ ಸದಸ್ಯರ ಪಟ್ಟಿಯನ್ನು ಲೋಕಸಭೆಯ ತಾಣದಲ್ಲಿ ತಾಳೆ ನೋಡಿದರೆ ಈ ತಪ್ಪಾಗದು.

ಈ ಸೇವೆಯ ಅತ್ಯುತ್ತಮ ಭಾಗ ಫಾರ್ಮ್ 20. ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ಒಂದೊಂದು ಕಡತ. ಎಡಗಡೆ ಮತಗಟ್ಟೆ ಸಂಖ್ಯೆ, ಮುಂದೆ ಅಭ್ಯರ್ಥಿಗೊಂದು ಅಂಕಣ, ಆಮೇಲೆ ಸಿಂಧು ಮತಗಳ ಮೊತ್ತ, ತಿರಸ್ಕೃತ, ನೋಟಾ, ಕೊನೆಗೆ ಟೆಂಡರ್ಡ್ ಮತ. ನಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿಹೋಗಿದ್ದರೆ ನಮಗೆ ಕೊಡುವ ಮತಪತ್ರ ಅದು. ಕಾಗದದ ಕೆಳತುದಿಯಲ್ಲಿ ಮೂರು ಸಾಲು: ಯಂತ್ರದ ಮತ, ಅಂಚೆ ಮತ, ಒಟ್ಟು ಮತ. ಆ ಮೂರು ಸಾಲಿನ ಬೆಲೆ ತಿಳಿಯಲು 2024ರ ವಾಯವ್ಯ ಮುಂಬಯಿಯ ಲೆಕ್ಕ ನೋಡಿ. ಯಂತ್ರದಲ್ಲಿ ಅಮೋಲ್ ಕೀರ್ತಿಕರ್ 4,51,095, ರವೀಂದ್ರ ವಾಯಕರ್ 4,51,094. ಒಂದೇ ಮತ ಮುಂದೆ ಕೀರ್ತಿಕರ್. ಅಂಚೆಯಲ್ಲಿ ಅವರಿಗೆ 1,501, ವಾಯಕರ್‌ಗೆ 1,550. ಕೊನೆಗೆ ವಾಯಕರ್ 48 ಮತಗಳಿಂದ ಸಂಸದರಾದರು.

ತೊಂದರೆಯೂ ಇಲ್ಲೇ ಹೆಚ್ಚು. ಹಲವು ಹಾಳೆಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುವುದರಿಂದ ಅಂಕಿಗಳನ್ನು ನಕಲು ಮಾಡಿ ಅಂಟಿಸಲಾಗದು. ಅಕ್ಷರ ಗುರುತಿಸುವ ತಂತ್ರಾಂಶ ಹಾಕಿದರೂ 3 ಮತ್ತು 8, 1 ಮತ್ತು 7 ಅದಲುಬದಲಾಗಬಹುದು. ಪ್ರತಿ ಸಾಲಿನ ಅಡ್ಡ ಮೊತ್ತ, ಪ್ರತಿ ಅಂಕಣದ ಉದ್ದ ಮೊತ್ತ ಎರಡನ್ನೂ ತಾಳೆ ನೋಡಿ, ಎಲ್ಲಿ ಕೂಡುವುದಿಲ್ಲವೋ ಆ ಸಾಲನ್ನು ಕಣ್ಣಿಂದ ಓದಿ ತಿದ್ದುವುದೇ ದಾರಿ. ಇನ್ನೊಂದು ಮಾತು, ಮತಗಟ್ಟೆ ಸಂಖ್ಯೆಗಳು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತವೆ. 2019ರ 45ನೇ ಗಟ್ಟೆ 2024ರ 45 ಆಗಿರಲೇಬೇಕೆಂದಿಲ್ಲ. ಆಯಾ ವರ್ಷದ ಮತಗಟ್ಟೆಗಳ ವಿಳಾಸ ಪಟ್ಟಿ ಇಲ್ಲದೆ ಹೋಲಿಸಬೇಡಿ.

ಇಷ್ಟೆಲ್ಲ ಗುದ್ದಾಟ ಬೇಡ, 1962ರಿಂದ ಈಚಿನದು ಸಾಕು ಎನ್ನುವವರಿಗೆ ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರದ ‘ಲೋಕ್ ಧಾಬಾ’ ಇದೆ. ಒಂದೇ ಕೋಷ್ಟಕವಾಗಿ ಸಿಗುತ್ತದೆ, ಶಾಲಾ ಯೋಜನೆಗೆ ಸಾಕು. ಅಚ್ಚಿಗೆ ಹೋಗುವ ಲೇಖನಕ್ಕಾದರೆ ಕೊನೆಯ ಅಂಕಿಯನ್ನು ಆಯೋಗದ ಮೂಲ ವರದಿಯಲ್ಲೇ ನೋಡಿ ಬರೆಯಬೇಕು.

ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಟ್ಟುವಂತಿಲ್ಲ ಎಂದು ಸಂವಿಧಾನದ 84ನೇ ತಿದ್ದುಪಡಿ ಹೇಳಿದೆ. ಅದಾದ ಮೇಲೆ ಗಡಿ ಮತ್ತೆ ಸರಿಯುತ್ತದೆ. ಅಷ್ಟರೊಳಗೆ ನಿಮ್ಮ ಆರು ವಿಧಾನಸಭಾ ಕ್ಷೇತ್ರಗಳ 2009, 2014, 2019, 2024ರ ಫಾರ್ಮ್ 20, ಆಯಾ ವರ್ಷದ ಮತಗಟ್ಟೆ ಪಟ್ಟಿ, 2008ರ ಆದೇಶ ಇವಿಷ್ಟನ್ನು ಇಳಿಸಿಕೊಂಡು, ಕಡತದ ಹೆಸರಿನಲ್ಲಿ ವರ್ಷ, ಕ್ಷೇತ್ರ, ಆದೇಶ ಮೂರನ್ನೂ ಬರೆದು ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.